ಸಹಾಯ ಬೇಕು: ‘ಕೊಲಂಬೊ’ ಎಲ್ಲಿಂದ ಶುರು ಮಾಡಲಿ?

ಅಪ್ಪನ ಜೊತೆ ನೋಡೋಣ ಅಂತ ಹಳೆಯ ಅಮೆರಿಕನ್ ಪತ್ತೇದಾರಿ ಧಾರಾವಾಹಿ ‘ಕೊಲಂಬೊ’ದ ಡಿವಿಡಿ ತಂದೆ. ಮೊದಲ ಕಂತು ಯಾವುದು ಅನ್ನೋದೇ ತಲೆನೋವಾಗಿದೆ. ಡಿವಿಡಿಯಲ್ಲಿ ಮೊದಲಿಗೆ 1968ರ ‘ಪ್ರಿಸ್ಕ್ರಿಪ್ಷನ್: ಮರ್ಡರ್’ ಇದೆ, ಆಮೇಲೆ 1971ರ ‘ರ್‍ಯಾನ್ಸಮ್ ಫಾರ್ ಎ ಡೆಡ್ ಮ್ಯಾನ್’. ಇವೆರಡೂ ಬಿಡಿ ಚಿತ್ರಗಳು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ‘ಮರ್ಡರ್ ಬೈ ದ ಬುಕ್’ ನಿಜವಾದ ಮೊದಲ ಕಂತು ಅಂತಾನೆ ಗೆಳೆಯ. ಅದರ ನಿರ್ದೇಶಕ ಸ್ಪೀಲ್‌ಬರ್ಗ್!

1968ರದ್ದನ್ನು ಹಾಕಿ ನೋಡಿದೆ. ಕೊಲೆಗಾರ ಯಾರಂತ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಪತ್ತೇದಾರ ಬರೋದಕ್ಕೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಅಪ್ಪ ಗೊರಕೆ. ಪತ್ತೇದಾರ ಕೊಲಂಬೊ ಪಾತ್ರ ಮಾಡಿರೋ ಪೀಟರ್ ಫಾಲ್ಕ್ ಕೂಡ ಇದರಲ್ಲಿ ಸ್ವಲ್ಪ ಬಿಗಿಯಾಗೇ ಇದ್ದಾರೆ ಅನ್ನಿಸಿತು.

ಮೊದಲೆರಡನ್ನು ಬಿಟ್ಟು ನೇರ ಸ್ಪೀಲ್‌ಬರ್ಗ್ ಕಂತಿಗೆ ಹೋದರೆ ಅರ್ಥವಾಗುತ್ತಾ, ಇಲ್ಲ ಏನಾದರೂ ತಪ್ಪಿಹೋಗುತ್ತಾ? ನೋಡಿದವರು ಹೇಳಿ.