ಪದಚರ್ಚೆ: ಡೇವಿಡ್ ಟ್ರಿಂಬಲ್ ಅವರನ್ನು ‘ಏಕೀಕರಣವಾದಿ’ ಎನ್ನಬಹುದೇ?

ಪ್ರಶ್ನೆ:
ಮಾನ್ಯರೇ, ಉತ್ತರ ಐರ್ಲೆಂಡಿನ ರಾಜಕಾರಣಿ ಡೇವಿಡ್ ಟ್ರಿಂಬಲ್ (1944–2022) ಅವರ ಪರಿಚಯ ಲೇಖನವನ್ನು ಅನುವಾದಿಸುತ್ತಿದ್ದೇನೆ. ಪುಟ ನಾಳೆ ಸಂಜೆ ಅಚ್ಚಿಗೆ ಹೋಗಬೇಕಾಗಿದೆ. 1995ರಿಂದ 2005ರವರೆಗೆ ಅವರು ಅಲ್‌ಸ್ಟರ್ ಯೂನಿಯನಿಸ್ಟ್ ಪಕ್ಷದ ನಾಯಕರಾಗಿದ್ದರು. ‘ಯೂನಿಯನಿಸ್ಟ್’ ಎಂಬುದನ್ನು ಕರಡಿನಲ್ಲಿ ‘ಏಕೀಕರಣವಾದಿ’ ಎಂದು ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದವಿದ್ದರೆ ದಯವಿಟ್ಟು ಬೇಗ ತಿಳಿಸಿ.

ಉತ್ತರ 1:
‘ಏಕೀಕರಣವಾದಿ’ ಸಲ್ಲದು, ಕೂಡಲೇ ತೆಗೆದುಹಾಕಿ. ಆಲೂರು ವೆಂಕಟರಾಯರ ಕಾಲದಿಂದ 1956ರವರೆಗೆ ನಡೆದ ಹೋರಾಟದಿಂದಾಗಿ, ಹರಿದು ಹಂಚಿಹೋದುದನ್ನು ಒಂದುಗೂಡಿಸುವುದೇ ಏಕೀಕರಣ ಎಂಬ ಅರ್ಥ ಕನ್ನಡದಲ್ಲಿ ಗಟ್ಟಿಯಾಗಿ ನಿಂತಿದೆ. ಯೂನಿಯನಿಸ್ಟರು ಉತ್ತರ ಐರ್ಲೆಂಡ್ ಬ್ರಿಟನ್ನಿನೊಡನೆಯೇ ಉಳಿಯಬೇಕೆನ್ನುವವರು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಸ್ವತಂತ್ರ ಐರ್ಲೆಂಡ್ ಎಂಬ ಎರಡು ಭಾಗಗಳು ಒಂದಾಗಬೇಕೆಂದು ಬಯಸಿದವರು ಟ್ರಿಂಬಲ್ ಅವರ ಎದುರು ಪಾಳೆಯದ ರಾಷ್ಟ್ರೀಯವಾದಿಗಳು. 1998ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಟ್ರಿಂಬಲ್ ಅವರೊಡನೆ ಹಂಚಿಕೊಂಡ ಜಾನ್ ಹ್ಯೂಮ್ ಆ ಕಡೆಯವರು. ನಿಮ್ಮ ಪದ ಹಾಗೆಯೇ ಅಚ್ಚಾದರೆ ಇಬ್ಬರ ನಿಲುವುಗಳೂ ಅದಲು ಬದಲಾಗುತ್ತವೆ.

ಉತ್ತರ 2:
‘ಒಕ್ಕೂಟವಾದಿ’ ಎಂಬ ಅಚ್ಚಗನ್ನಡದ ಬುಡವುಳ್ಳ ಪದವಿರುವಾಗ ಈ ತೊಡಕೇಕೆ? ಒಕ್ಕೊರಲು, ಒಗ್ಗಟ್ಟು, ಒಕ್ಕಣ್ಣ ಇವುಗಳಲ್ಲಿರುವ ‘ಒರ್’ ಎಂಬುದೇ ಒಕ್ಕೂಟದಲ್ಲಿಯೂ ಇದೆ. ಒಂದೇ ಕೂಟವೆಂಬುದೇ ಅದರ ಮೂಲಾರ್ಥ. ಇಂಗ್ಲಿಷ್ ಪದವನ್ನು ಲಿಪಿ ಬದಲಿಸಿ ಇಟ್ಟುಕೊಳ್ಳುವುದನ್ನು ಅನುವಾದವೆಂದು ನಾನು ಒಪ್ಪುವುದಿಲ್ಲ.

ಉತ್ತರ 3:
ವ್ಯುತ್ಪತ್ತಿ ಸರಿ, ಸಲಹೆ ತಪ್ಪು. ಇಂದಿನ ಓದುಗರಿಗೆ ಒಕ್ಕೂಟವೆಂದರೆ ರಾಜ್ಯಗಳೂ ಕೇಂದ್ರವೂ ಅಧಿಕಾರ ಹಂಚಿಕೊಂಡಿರುವ ವ್ಯವಸ್ಥೆ. ಟ್ರಿಂಬಲ್ ಕಾಪಾಡಬಯಸಿದ್ದು 1801ರಲ್ಲಿ ಜಾರಿಗೆ ಬಂದ ಬ್ರಿಟನ್–ಐರ್ಲೆಂಡ್ ವಿಲೀನದಲ್ಲಿ ಉಳಿದಿದ್ದ ಭಾಗವನ್ನು, ಅಂದರೆ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿರುವುದನ್ನು. ಅದು ಒಕ್ಕೂಟವಲ್ಲ.

ಪದವನ್ನು ಆ ವ್ಯಕ್ತಿಯ ಬದುಕಿಗೆ ಹಿಡಿದು ನೋಡಬೇಕು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುತ್ತಿದ್ದ ಟ್ರಿಂಬಲ್ ಎಪ್ಪತ್ತರ ದಶಕದಲ್ಲಿ ವ್ಯಾನ್‌ಗಾರ್ಡ್ ಎಂಬ ಉಗ್ರ ನಿಲುವಿನ ಯೂನಿಯನಿಸ್ಟ್ ಪಕ್ಷದಲ್ಲಿದ್ದರು. 1995ರ ಜುಲೈಯಲ್ಲಿ ಡ್ರಮ್‌ಕ್ರೀ ಎಂಬಲ್ಲಿ ಪ್ರಾಟೆಸ್ಟೆಂಟರು ನಡೆಸಿದ ವಿವಾದಿತ ಮೆರವಣಿಗೆಯ ಕೊನೆಗೆ ಕಟ್ಟಾ ಯೂನಿಯನಿಸ್ಟ್ ನಾಯಕ ಇಯನ್ ಪೈಸ್ಲಿಯವರ ಕೈಹಿಡಿದು ನಡೆದ ಅವರು, ಅದೇ ವರ್ಷ ಪಕ್ಷದ ನಾಯಕರಾದರು. 1998ರ ಏಪ್ರಿಲ್ 10ರಂದು ಉತ್ತರ ಐರ್ಲೆಂಡಿನ ಶಾಂತಿಗಾಗಿ ಆದ ಶುಭ ಶುಕ್ರವಾರದ ಒಪ್ಪಂದಕ್ಕೆ ಸಮ್ಮತಿಸಿ, ಎದುರಾಳಿಗಳೊಡನೆ ಅಧಿಕಾರ ಹಂಚಿಕೊಂಡು ಅಲ್ಲಿನ ಸರ್ಕಾರದ ಮೊದಲ ಫಸ್ಟ್ ಮಿನಿಸ್ಟರ್ (ಮುಖ್ಯಸ್ಥ) ಆದವರೂ ಅವರೇ. ಬಹುಮತದ ಸಮ್ಮತಿಯಿಲ್ಲದೆ ಉತ್ತರ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗದು ಎಂಬ ಕಟ್ಟಳೆ ಆ ಒಪ್ಪಂದದಲ್ಲಿದ್ದುದರಿಂದಲೇ ಅವರು ಅದಕ್ಕೆ ಒಪ್ಪಲು ಸಾಧ್ಯವಾಯಿತು. ಆದರೂ ಅವರದೇ ಪಾಳೆಯದ ಅನೇಕರಿಗೆ ಅದು ಶರಣಾಗತಿಯಂತೆ ಕಂಡಿತು. 2005ರಲ್ಲಿ ಅವರು ಸಂಸತ್ತಿನ ಸ್ಥಾನವನ್ನು ಕಳೆದುಕೊಂಡರು. ಈ ಹೊಯ್ದಾಟವನ್ನೆಲ್ಲ ಒಳಗೊಂಡ ಪದವನ್ನು ‘ಒರ್’ ಧಾತುವಿನಿಂದ ಅಗೆದು ತೆಗೆಯಲಾಗದು.

ಪಕ್ಷದ ಹೆಸರು ಹೆಸರಾಗಿಯೇ ಇರಲಿ. ಕಾಂಗ್ರೆಸ್ಸನ್ನೂ ಕಮ್ಯುನಿಸ್ಟರನ್ನೂ ನಾವು ಅನುವಾದಿಸಿಕೊಂಡಿಲ್ಲ. ಅವಿಭಜಿತ ಪಂಜಾಬಿನಲ್ಲಿ ಛೋಟು ರಾಮ್ ಮತ್ತು ಸಿಕಂದರ್ ಹಯಾತ್ ಖಾನ್ ಅವರ ಪಕ್ಷಕ್ಕೂ ಯೂನಿಯನಿಸ್ಟ್ ಎಂದೇ ಹೆಸರಿತ್ತು. ಅಲ್ಲಿ ಅದರ ಇಂಗಿತ ಬೇರೆ ಬೇರೆ ಮತಗಳ ಭೂಹಿಡುವಳಿದಾರರ ಕೂಟ. ಎರಡಕ್ಕೂ ಒಂದೇ ಕನ್ನಡ ಪದ ಹೊಂದುವುದಿಲ್ಲ.

ಉತ್ತರ 2ರವರಿಂದ:
ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಪ್ರತ್ಯಯಗಳಷ್ಟೇ ಉಳಿಯುತ್ತವೆ.

ಉತ್ತರ 3ರವರಿಂದ:
ಓದುಗರಿಗೆ ತಪ್ಪು ತಿಳಿವಳಿಕೆ ಕೊಡುವ ಕನ್ನಡ ಪದದಿಂದಲೂ ಕನ್ನಡ ಬೆಳೆಯುವುದಿಲ್ಲ. ಪ್ರಶ್ನೆ ಕೇಳಿದವರು ಶೀರ್ಷಿಕೆಯಲ್ಲಿ ‘ಯೂನಿಯನಿಸ್ಟ್ ನಾಯಕ’ ಎಂದಿಟ್ಟು, ಮೊದಲ ವಾಕ್ಯದಲ್ಲಿಯೇ ‘ಉತ್ತರ ಐರ್ಲೆಂಡ್ ಬ್ರಿಟನ್ನಿನೊಡನೆಯೇ ಉಳಿಯಬೇಕೆನ್ನುವ’ ಎಂಬ ವಿಶೇಷಣ ಸೇರಿಸಲಿ.