ಟ್ರಾಂಬೋನಿನ 12ಸಿ ಮೌತ್‌ಪೀಸ್ ಯುಫೋನಿಯಂನಲ್ಲಿ ಅಲ್ಲಾಡುತ್ತಿದೆ, ಶ್ರುತಿಯೂ ಏರಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮಂಗಳೂರಿನ ನಮ್ಮ ಚರ್ಚ್ ಬ್ಯಾಂಡಿನಲ್ಲಿ ಆರು ವರ್ಷದಿಂದ ಟೆನರ್ ಟ್ರಾಂಬೋನ್ ಊದುತ್ತಿದ್ದೇನೆ. ಹೋದ ತಿಂಗಳು ನಾಲ್ಕು ವಾಲ್ವಿನ ಸೆಕೆಂಡ್ ಹ್ಯಾಂಡ್ ಯುಫೋನಿಯಂ (ಟ್ಯೂಬಾದಂಥ, ಅದಕ್ಕಿಂತ ಚಿಕ್ಕ ಹಿತ್ತಾಳೆ ವಾದ್ಯ) ಕೊಂಡೆ. ಅದರ ಜೊತೆ ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ತುಂಡು, ಇರಲಿಲ್ಲ. ಟ್ರಾಂಬೋನಿನದು, ಬಾಕ್ ಕಂಪನಿಯ 12ಸಿ, ಹಾಕಿದರೆ ಒಳಗೆ ಜಾರಿ ಹೋಗಿ ಅಲ್ಲಾಡುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ನಾಲ್ಕು ಸುತ್ತು ಸುತ್ತಿದ ಮೇಲೆ ನಿಂತಿತು. ಆದರೆ ಶ್ರುತಿ ಇಳಿಸಲು ಎಳೆಯುವ ಟ್ಯೂನಿಂಗ್ ಸ್ಲೈಡ್ ಪೂರ್ತಿ ಎಳೆದರೂ ಶ್ರುತಿ ಮೇಲೇ ಇದೆ. ಮೇಲಿನ ಸ್ವರಗಳು ನಿಲ್ಲುವುದಿಲ್ಲ, ನಾದವೂ ತೆಳು. ಕಪ್ (ಮೌತ್‌ಪೀಸಿನ ಬಟ್ಟಲು) ಸಾಲದು ಅಂತ ಅದಕ್ಕಿಂತ ದೊಡ್ಡ ಬಾಕ್ 4ಜಿ ತರಿಸೋಣ ಅಂದುಕೊಂಡಿದ್ದೇನೆ. ಸರಿನಾ?

ಉತ್ತರ:
ಸ್ವಲ್ಪ ತಾಳಿ ಸರ್, ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ್ದರಲ್ಲಿ ಮೊದಲು ನೋಡಬೇಕಾದ್ದು ಕಪ್ ಅಲ್ಲ, ಶ್ಯಾಂಕ್. ಅಂದರೆ ವಾದ್ಯದ ಒಳಗೆ ಹೋಗುವ ಮೌತ್‌ಪೀಸಿನ ಬಾಲ. 12ಸಿ ಸಣ್ಣ ಶ್ಯಾಂಕಿನದು. ನಿಮ್ಮ ಯುಫೋನಿಯಂ ದೊಡ್ಡ ಶ್ಯಾಂಕಿನದು ಅನ್ನಿಸುತ್ತದೆ. ಸಣ್ಣದು ದೊಡ್ಡದರಲ್ಲಿ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ಗಾಳಿಯ ದಾರಿ ಗಿಡ್ಡವಾಗಿ ಶ್ರುತಿ ಏರುತ್ತದೆ. ಟೇಪು ಅಲ್ಲಾಟ ನಿಲ್ಲಿಸಬಹುದು, ಆಳವನ್ನು ಸರಿ ಮಾಡುವುದಿಲ್ಲ. ಸಣ್ಣ ಶ್ಯಾಂಕಿನ 4ಜಿ ಬಂದರೆ ಇದೇ ತೊಂದರೆ ಮತ್ತೆ, ಅಲ್ವಾ?

ಒಂದು ಕೆಲಸ ಮಾಡಿ. ಹತ್ತಿರದ ಲೇತ್ ಅಂಗಡಿಯಲ್ಲಿ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇರುತ್ತದೆ. ಮೌತ್‌ಪೀಸ್ ಕೂರುವ ಕೊಳವೆಯ ಬಾಯಿಯ ಒಳಅಳತೆ ತೆಗೆಯಿಸಿ. ಸುಮಾರು 12.7 ಮಿ.ಮೀ. ಇದ್ದರೆ ಸಣ್ಣದು, 14ರ ಹತ್ತಿರ ಇದ್ದರೆ ದೊಡ್ಡದು. ನಡುವೆ ಬಂದರೆ ಯುರೋಪಿಯನ್ ಶ್ಯಾಂಕ್, ಬೆಸನ್ ಕಂಪನಿಯ ಹಳೆಯ ಯುಫೋನಿಯಂಗಳಲ್ಲಿ ಇರುವಂಥದ್ದು. ಮೀರತ್‌ನಲ್ಲಿ ಮಾಡಿದ ವಾದ್ಯವಾದರೆ ಯಾರ ಮಾತನ್ನೂ ನಂಬದೆ ಅಳೆದೇ ನೋಡಿ.

ಪ್ರಶ್ನೆ ಕೇಳಿದವರು:
ಅಳೆಸಿದೆ. 14 ಬಂತು. ಹಾಗಾದರೆ ಯಾವುದು ತಗೊಳ್ಳಲಿ?

ಉತ್ತರ:
ದೊಡ್ಡ ಶ್ಯಾಂಕಿನ ಬಾಕ್ 6½ಎಎಲ್ ಅಥವಾ ಶಿಲ್ಕೆ ಕಂಪನಿಯ 51ಡಿ. ಎರಡರ ರಿಮ್ಮೂ (ತುಟಿ ತಾಗುವ ದುಂಡು ಅಂಚು) ಒಳಗಡೆ ಸುಮಾರು 25.5 ಮಿ.ಮೀ. ಅಗಲ, ಕಪ್ ಆಳ. ಯುಫೋನಿಯಂನ ಆ ದುಂಡು ನಾದ ಬರುವುದೇ ಆಳದ ಕಪ್ಪಿನಿಂದ. ನಿಮ್ಮ 12ಸಿ ಆಳ ಕಡಿಮೆ, ಹೊಳಪು ಜಾಸ್ತಿ. ಟ್ರಾಂಬೋನಿಗೆ ಅದು ಚೆನ್ನ. ಸಣ್ಣ ಶ್ಯಾಂಕನ್ನು ದೊಡ್ಡದಕ್ಕೆ ಕೂರಿಸುವ ಅಡಾಪ್ಟರ್ ಸಿಗುತ್ತದೆ, ಅದರಿಂದ ಶ್ರುತಿ ಒಂದು ಮಟ್ಟಿಗೆ ಸರಿಹೋಗಬಹುದು, ನಾದ ಮಾತ್ರ ತೆಳುವಾಗಿಯೇ ಉಳಿಯುತ್ತದೆ.

ನಂಬರ್ ನೋಡಿ ಮೋಸಹೋಗಬೇಡಿ. ಬಾಕ್‌ನಲ್ಲಿ ನಂಬರ್ ಇಳಿದಷ್ಟೂ ರಿಮ್ ಅಗಲವಾಗುತ್ತದೆ, ಶಿಲ್ಕೆಯಲ್ಲಿ ನಂಬರ್ ಏರಿದಷ್ಟೂ. 4ಜಿ ಸುಮಾರು 26 ಮಿ.ಮೀ. 12ಸಿಯಿಂದ ನೇರ ಅಲ್ಲಿಗೆ ಹಾರಿದರೆ ತುಟಿ ಸೋಲುತ್ತದೆ. ಆರ್ಡರ್ ಮಾಡುವಾಗ "ದೊಡ್ಡ ಶ್ಯಾಂಕ್" ಅಂತ ಕೇಳಿ ಖಚಿತ ಮಾಡಿಕೊಳ್ಳಿ, 6½ಎಎಲ್ ಎರಡೂ ಅಳತೆಯಲ್ಲಿ ಬರುತ್ತದೆ.

ಪ್ರಶ್ನೆ ಕೇಳಿದವರು:
ಪಕ್ಕದ ಊರಿನ ಬ್ಯಾಂಡಿನವರ ಹತ್ತಿರ ದೊಡ್ಡ ಶ್ಯಾಂಕಿನ 6½ಎಎಲ್ ಇತ್ತು. ಒಂದು ವಾರಕ್ಕೆ ಕೊಟ್ಟಿದ್ದಾರೆ. ಹೆಬ್ಬೆರಳಿನ ಗೆಣ್ಣಿನಷ್ಟು ಒಳಗೆ ಹೋಗಿ, ಕಾಲು ತಿರುವು ತಿರುಗಿಸಿದ ಕೂಡಲೇ ಬಿಗಿಯಾಗಿ ಕೂತಿತು. ಸ್ಲೈಡ್ ಒಂದು ಬೆರಳು ಎಳೆದರೆ ಬಿ ಫ್ಲ್ಯಾಟ್ ಸರಿಯಾಗಿ ಬರುತ್ತದೆ. ನಾದ ಕೇಳಿ ನಮ್ಮ ಬ್ಯಾಂಡಿನ ಕಾರ್ನೆಟ್ ಊದುವವರು ತಿರುಗಿ ನೋಡಿದರು! ಆದರೆ ಇಪ್ಪತ್ತು ನಿಮಿಷಕ್ಕೇ ತುಟಿ ಸುಸ್ತು. ಇದು ದೊಡ್ಡದಾಯಿತಾ?

ಉತ್ತರ:
ಇಲ್ಲ. ರಿಮ್ 12ಸಿಗಿಂತ ಸುಮಾರು 1 ಮಿ.ಮೀ. ಹೆಚ್ಚು ಅಗಲವಾಗಿದೆ, ತುಟಿಗೆ ಅದೇ ಹೊಸದು. ಎರಡು ಮೂರು ವಾರ ಬೆಳಿಗ್ಗೆ ಹತ್ತು ನಿಮಿಷ ಮೆತ್ತಗೆ ಉದ್ದ ಸ್ವರ ಊದಿ, ತುಟಿಗೆ ಬಿಡುವು ಕೊಡಿ, ಸಂಜೆ ಮತ್ತೆ ಹತ್ತು ನಿಮಿಷ. ಸುಮ್ನೆ ಒತ್ತಿ ಮೇಲಿನ ಸ್ವರ ಹಿಡಿಯಬೇಡಿ. ಮೌತ್‌ಪೀಸನ್ನು ಅಂಗೈಯಿಂದ ತಟ್ಟಿ ಕೂರಿಸಲೂ ಬೇಡಿ, ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಇಕ್ಕಳ ಹಾಕದೆ ವಾದ್ಯ ರಿಪೇರಿಯವರ ಹತ್ತಿರ ಒಯ್ಯಿರಿ, ಎಳೆಯುವ ಸಾಧನ ಅವರಲ್ಲಿ ಇರುತ್ತದೆ.