ತಿಳಿನೀರೆಂದರೆ ಒಳ್ಳೆಯ ನೀರೇ? ಕುಟುಂಬದ ಗುಂಪಿನಲ್ಲಿ ಒಂದು ಜಟಾಪಟಿ

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) “ಹೊರಗೆ ಟಬ್ಬಿನಲ್ಲಿ ಮೀನು ಸಾಕುವವರು ಪರೀಕ್ಷೆ ಗಿರೀಕ್ಷೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ತಳ ಕಾಣುತ್ತಿದ್ದರೆ ನೀರು ಶುದ್ಧ. ಟಿಡಿಎಸ್ ಮೀಟರ್ ಒಂದಿದ್ದರೆ ಸಾಕು. ಮೀನು ಮೇಲೆ ಬಂದು ಬಾಯಿ ತೆರೆದರೆ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬಿ.”

ರಘು: ಸರಿಯಾಗಿದೆ ದೊಡ್ಡಪ್ಪ. ನನ್ನ ಹೊಸ ಟಬ್ಬಿನ ತಳದ ಕಲ್ಲುಗಳನ್ನು ಮೇಲಿನಿಂದಲೇ ಎಣಿಸಬಹುದು.

ವಾಣಿ: ದೊಡ್ಡಪ್ಪ, ದಯವಿಟ್ಟು ಇದನ್ನು ಇನ್ನಾರಿಗೂ ಕಳುಹಿಸಬೇಡಿ. ಮೀನಿನ ಕಲ್ಮಶದಿಂದ ಹುಟ್ಟುವ ಅಮೋನಿಯಾಕ್ಕೆ ಬಣ್ಣವಿಲ್ಲ, ಅದರಿಂದಾಗುವ ನೈಟ್ರೈಟ್‌ಗೂ ಇಲ್ಲ. ಮೀನಿಗೆ ವಿಷವಾಗುವ ಇವೆರಡೂ ತಿಳಿನೀರಿನಲ್ಲಿ ಧಾರಾಳವಾಗಿ ಇರಬಹುದು. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆಯೇ ಹೊರತು ಅದರಲ್ಲಿ ಯಾವುದು ಎಷ್ಟಿದೆ ಎಂದು ಹೇಳುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಅಮೋನಿಯಾ ಹೆಚ್ಚಾದರೂ ಆ ಅಂಕಿ ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ದೊಡ್ಡಪ್ಪ: ಕೆರೆಯಲ್ಲಿ ಯಾರು ಪರೀಕ್ಷೆ ಮಾಡುತ್ತಾರಮ್ಮಾ? ಅಲ್ಲಿ ಮೀನು ಬದುಕುತ್ತಿಲ್ಲವೇ?

ವಾಣಿ: ಕೆರೆಯಲ್ಲಿ ಒಂದು ಮೀನಿನ ಪಾಲಿಗೆ ಎಷ್ಟು ನೀರಿದೆ, ಟಬ್ಬಿನಲ್ಲಿ ಎಷ್ಟಿದೆ? ಕೆರೆಯ ಕೆಸರಿನಲ್ಲಿ, ಕಲ್ಲಿನಲ್ಲಿ, ಗಿಡದ ಬೇರಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಸಿ, ಅದನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಸಿರುತ್ತವೆ. ಹೊಸ ಟಬ್ಬಿನಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ರಘು, ನಿನ್ನ ಮೀನುಗಳು ಆ ಅವಧಿಯಲ್ಲೇ ಇವೆ.

ರಘು: ನೀರಿಗೆ ಪರೀಕ್ಷಾ ಪಟ್ಟಿ ಅದ್ದಿ ನೋಡಿದ್ದೇನಕ್ಕಾ, ಎಲ್ಲ ಚೌಕಗಳೂ ಸರಿಯಾಗಿಯೇ ಇವೆ.

ವಾಣಿ: ಅದರಲ್ಲಿ ಅಮೋನಿಯಾದ ಚೌಕ ಎಲ್ಲಿದೆ, ತೋರಿಸು.

ರಘು: ಡಬ್ಬಿ ನೋಡಿದೆ. ಪಿಎಚ್ (ಆಮ್ಲ-ಕ್ಷಾರದ ಮಟ್ಟ), ಗಡಸುತನ, ಕ್ಲೋರಿನ್, ನೈಟ್ರೈಟ್, ನೈಟ್ರೇಟ್. ಅಮೋನಿಯಾ ಇಲ್ಲ.

ವಾಣಿ: ಅನೇಕ ಪಟ್ಟಿಗಳಲ್ಲಿ ಇರುವುದಿಲ್ಲ. ಹನಿ ಹಾಕಿ ನೋಡುವ ಕಿಟ್ ತೆಗೆದುಕೋ.

ಸರಳತ್ತೆ: ನನ್ನ ಬಳಿ ಹನಿ ಕಿಟ್ ಇದೆ. ಈಗಷ್ಟೇ ಮಾಡಿದೆ, ಫೋಟೋ ನೋಡಿ. ನಳಿಕೆಯ ಹಳದಿ ತಿರುಗಿ ತಿಳಿಹಸಿರಾಗಿದೆ. ಬಣ್ಣದ ಚೀಟಿಗೆ ಹಿಡಿದರೆ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ಎನ್ನುವ ಚೌಕಕ್ಕೆ ಕೂಡುತ್ತದೆ. ಬೆಳಿಗ್ಗೆಯೂ ಇಷ್ಟೇ ಇತ್ತು, ಮೀನುಗಳೂ ಚುರುಕಾಗಿದ್ದವು. ಈಗ ಮಾತ್ರ ಮೂಲೆ ಹಿಡಿದು ನಿಂತಿವೆ.

ವಾಣಿ: ಅತ್ತೆ, ಪಿಎಚ್ ಎಷ್ಟಿದೆ? ಬೆಳಗಿನದೂ ಬೇಕು, ಈಗಿನದೂ ಬೇಕು.

ಸರಳತ್ತೆ: ಬೆಳಿಗ್ಗೆ 7.4, ಈಗ 8.8.

ವಾಣಿ: ಉತ್ತರ ಅಲ್ಲೇ ಇದೆ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಕಿವಿರನ್ನು ಸುಡುವ ರೂಪ ಎಷ್ಟು ಎಂಬುದನ್ನು ಪಿಎಚ್ ಮತ್ತು ಶಾಖ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಆ ವಿಷರೂಪ ನೂರಕ್ಕೆ ಒಂದು ಪಾಲೂ ಇಲ್ಲ. 8 ಆದರೆ ಸುಮಾರು 5 ಪಾಲು. 9 ಆದರೆ ಮೂರರಲ್ಲಿ ಒಂದು ಪಾಲನ್ನೂ ದಾಟುತ್ತದೆ. ಬಿಸಿಲೇರಿದಂತೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ಪಿಎಚ್ ಮೇಲೇರುತ್ತದೆ. ಬೆಳಿಗ್ಗೆ ತಡೆದುಕೊಂಡ ಅದೇ 0.5 ಮಧ್ಯಾಹ್ನದ ಹೊತ್ತಿಗೆ ಅಪಾಯವಾಯಿತು. ಮಳೆ ಬಂದು ಟಬ್ಬು ತುಂಬಿ ಹರಿದಿತ್ತೇ?

ಸರಳತ್ತೆ: ಹೌದು, ವಾರವಿಡೀ.

ವಾಣಿ: ಹಾಗಿದ್ದರೆ ಕಾರ್ಬೊನೇಟ್ ಗಡಸುತನ ಇಳಿದಿರಬೇಕು. ಪಿಎಚ್ ಏರಿಳಿಯದಂತೆ ತಡೆಯುವುದು ಅದೇ. ಅದನ್ನೂ ಅಳೆಯಿರಿ.

ದೊಡ್ಡಪ್ಪ: ನೀರನ್ನೆಲ್ಲ ಬದಲಿಸಿದರೆ ಅಮೋನಿಯಾವೂ ಹೋಯಿತು, ಚರ್ಚೆಯೂ ಮುಗಿಯಿತು. ಸಂದೇಶದಲ್ಲಿ ಇರುವುದೂ ಅದೇ ಅಲ್ಲವೇ?

ವಾಣಿ: ನಾನು ಹೆದರುವುದೇ ಆ ಸಾಲಿಗೆ. ಒಮ್ಮೆಲೇ ಬದಲಿಸಿದರೆ ಶಾಖ, ಪಿಎಚ್, ಗಡಸುತನ ಮೂರೂ ಒಟ್ಟಿಗೆ ಬದಲಾಗುತ್ತವೆ. ಸೊರಗಿದ ಮೀನು ಅದನ್ನು ತಾಳಲಾರದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ತೆರೆದಿಟ್ಟಾಗ ಹಾರಿಹೋಗುತ್ತದೆ, ಕ್ಲೋರಿನ್-ಅಮೋನಿಯಾ ಸೇರಿದ ಕ್ಲೋರಮೈನ್ ಇದ್ದರೆ ರಾತ್ರಿಯಿಡೀ ಇಟ್ಟರೂ ಉಳಿಯುತ್ತದೆ. ಅತ್ತೆ, ಮೊದಲು ತುಂಬುವ ನೀರಿನ ಪಿಎಚ್ ನೋಡಿ. ಆಮೇಲೆ ಕ್ಲೋರಿನ್ ನಿವಾರಕ ಬೆರೆಸಿ ಮೂರನೇ ಒಂದು ಭಾಗವನ್ನಷ್ಟೇ ಬದಲಿಸಿ. ಮೇಲೆ ನೆರಳು ಕೊಡಿ. ಇವತ್ತು ತಿಂಡಿ ಹಾಕಬೇಡಿ. ಇನ್ನು ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬಂದರೆ ಮೊದಲ ಅನುಮಾನ ಆಮ್ಲಜನಕದ ಮೇಲೆ ಇರಬೇಕು. ಆಗ ಗಾಳಿ ಪಂಪು ಹಾಕಬೇಕು.

ದೊಡ್ಡಪ್ಪ: ಟಿಡಿಎಸ್ ವಿಷಯ ಒಪ್ಪಿದೆ. ಆದರೆ ಮೀನು ಸಾಕುವವನಿಗೆ ಕಣ್ಣೇ ಮೊದಲ ಕಿಟ್. ಹಸಿರು ನೀರಿನಲ್ಲಿ ನನ್ನ ಮೀನು ಮರಿ ಹಾಕುತ್ತಿದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೋ.

ವಾಣಿ: ತೆಗೆದುಕೊಂಡೆ. ಆ ಪಾಚಿ ಅಮೋನಿಯಾವನ್ನು ಉಣ್ಣುತ್ತದೆ, ಅದು ಲಾಭವೇ. ರಾತ್ರಿ ಮಾತ್ರ ಅದೇ ಪಾಚಿ ಆಮ್ಲಜನಕವನ್ನು ಬಳಸುತ್ತದೆ. ಸೂರ್ಯ ಹುಟ್ಟುವ ಮೊದಲು ಒಮ್ಮೆ ನೋಡಿ, ಆಮ್ಲಜನಕ ತೀರ ಕಡಿಮೆ ಇರುವುದು ಆಗ. ಕಣ್ಣು ಬೇಡವೆಂದು ನಾನು ಹೇಳುತ್ತಿಲ್ಲ ದೊಡ್ಡಪ್ಪ. ಕಣ್ಣಿಗೆ ಕಾಣುವ ಹೊತ್ತಿಗೆ ಕಿವಿರು ಬೆಂದಿರುತ್ತದೆ.

ದೊಡ್ಡಪ್ಪ: ನಾಳೆ ಬೆಳಕು ಹರಿಯುವ ಮುನ್ನ ನೋಡಿ ತಿಳಿಸುತ್ತೇನೆ. ಪಾಚಿಯನ್ನಂತೂ ತೆಗೆಯುವುದಿಲ್ಲ.

ರಘು: ಅತ್ತೆ, ನಿಮ್ಮ ಕಿಟ್ಟಿನ ಬಾಟಲಿಯ ಮೇಲೆ ಅವಧಿ ಯಾವಾಗ ಮುಗಿಯುತ್ತದೆ ಎಂದಿದೆ? ಅವಧಿ ಇದ್ದರೆ ಸಂಜೆ ನನ್ನ ಟಬ್ಬಿನ ನೀರನ್ನು ತರುತ್ತೇನೆ.

ಸರಳತ್ತೆ: ಇನ್ನೂ ಇದೆ, ತಾ. ನೀರು ತುಂಬುವ ಸೀಸೆಯನ್ನು ಸಾಬೂನು ಹಾಕಿ ತೊಳೆಯಬೇಡ, ಟಬ್ಬಿನ ನೀರಿನಲ್ಲೇ ಜಾಲಿಸು.